ಜನವರಿಯಲ್ಲಿ ಬರುತ್ತಿದ್ದ ವರ್ನಾ

ಅಧ್ಯಕ್ಷರಾದ ಹಾರ್ಲನ್ ಅವರೇ, ಊರ ಹಿರಿಯರೇ, ಈ ನೃತ್ಯಶಾಲೆಯ ನೆಲ ಸವೆಸಿದ ಸಭಿಕರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಲೆಕ್ಕದ ವರ್ನಾ ಅವರೇ,

ಅಕಾರ್ಡಿಯನ್ ನುಡಿಸುವವನ ಕೈಗೆ ಮೈಕು ಕೊಟ್ಟಿದ್ದೀರಿ. ತಪ್ಪು ನಿಮ್ಮದು.

ನಾವು ವಾದ್ಯದವರು ಇಲ್ಲಿ ಸಂಬಳದವರಲ್ಲ. ಶನಿವಾರ ಬಂದು, ಕುಣಿಯುವವರಿಗೆ ಪೋಲ್ಕಾ ಮಟ್ಟು ನುಡಿಸಿ, ಚೆಕ್ಕು ಪಡೆದು ಹೋಗುವವರು. ಅಂಥವರಿಗೆ ವರ್ಷವಿಡೀ ಎಷ್ಟು ಕೊಟ್ಟೆವೆಂದು ನೃತ್ಯಶಾಲೆಯವರು ಜನವರಿ ಮುಗಿಯುವುದರೊಳಗೆ ಸರ್ಕಾರಕ್ಕೂ ನಮಗೂ ಬರೆದು ತಿಳಿಸಬೇಕು. ನಮ್ಮ ಬಾಯಲ್ಲಿ ಆ ಕಾಗದ 'ಟೆನ್ ನೈಂಟಿನೈನ್'. ಅದಕ್ಕೆ ನಮ್ಮ ತೆರಿಗೆ ಸಂಖ್ಯೆ, ವಿಳಾಸ, ಸಹಿಯನ್ನು ವರ್ನಾ ಪ್ರತಿ ವರ್ಷ ಹೊಸದಾಗಿ ಕೇಳುತ್ತಿದ್ದರು. ಉಳಿದವರೆಲ್ಲ ಬರೆದು ಅಂಚೆಗೆ ಹಾಕುತ್ತಿದ್ದರು. ನಾನು ಮಾತ್ರ ಮರೆಯುತ್ತಿದ್ದೆ.

ಆಗ ವರ್ನಾ ಹಿಮದಲ್ಲಿ ಕಾರು ಓಡಿಸಿಕೊಂಡು ನಮ್ಮ ಮನೆಗೇ ಬರುತ್ತಿದ್ದರು. ಬೂಟು ಕೊಡವುವಾಗಲೇ ಬೈಗುಳ ಶುರು.

"ಡೆಲ್ಮರ್, ಊರಿಗೆಲ್ಲ ಇರೋ ಬುದ್ಧಿ ನಿಮಗೊಬ್ರಿಗೇ ಯಾಕ್ರೀ ಇಲ್ಲ?"

"ಪೆನ್ನು ಸಿಗ್ಲಿಲ್ಲ ಕಣ್ರೀ. ಕೂತ್ಕೊಳ್ಳಿ, ಕಾಫಿ ಆಗಿದೆ."

ಕಾಫಿ ಮೊದಲೇ ಹೇಗೆ ಆಗಿರುತ್ತಿತ್ತು ಎಂದು ಕೇಳಬೇಡಿ. ತಿನ್ನಲು ಸಿಹಿಯಾದ ರೂಬಾರ್ಬ್ ಪೈ ಕೂಡ ಇರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎರಡನೇ ಕಪ್ಪು ಹೊರಗೆ ಬರುತ್ತಿದ್ದುದು ಆ ದಿನ ಮಾತ್ರ. ಇರಲಿ. ಏನು ಹೇಳುತ್ತಿದ್ದೆ?

ಹಾಂ, ನನ್ನ ಕಾಯಿಲೆಯ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಶುರುವಾಗುತ್ತಿದ್ದಂತೆ ನನಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಬಿದ್ದುಹೋಯಿತು. ಅಕಾರ್ಡಿಯನ್ನಿನ ತಿದಿ ಎಳೆಯುವುದು ಆ ಕೈಯೇ. ವರ್ಷವಿಡೀ ಒಂದು ಶನಿವಾರವೂ ನುಡಿಸಲಿಲ್ಲ. ಹಾಗಾಗಿ ಈ ಜನವರಿಯಲ್ಲಿ ನನ್ನ ಹೆಸರಿಗೆ ಕಾಗದವೇ ಇಲ್ಲ. ಕಾಗದವಿಲ್ಲದ ಮೇಲೆ ವರ್ನಾ ಏಕೆ ಬರಬೇಕು? ನಾನು ಕಾಫಿ ಇಡಲಿಲ್ಲ.

ಬಂದರು.

"ಈ ಸಲ ಸಹಿ ಬೇಡ ಅಲ್ವಾ?" ಎಂದೆ.

"ಬೇಡ. ಸುಮ್ನೆ ಬಂದೆ. ಕಾಫಿ ಯಾಕ್ರೀ ಇಟ್ಟಿಲ್ಲ?"

ಮೂಲೆಯಲ್ಲಿದ್ದ ಅಕಾರ್ಡಿಯನ್ ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟರು. ಎಡಗಡೆ ಕುಳಿತು ಪಟ್ಟಿಯೊಳಗೆ ತಮ್ಮ ಕೈ ತೂರಿಸಿದರು.

"ನಾನು ಎಳೀತೀನಿ, ನೀವು ಬಲಗೈಲಿ ಒತ್ತಿ."

"ನಿಮ್ಗೆ ತಾಳ ಬರಲ್ಲ ಕಣ್ರೀ!"

"ನಿಮ್ಗೆ ಪೆನ್ನೇ ಸಿಗಲ್ಲ. ಸಾಕು, ಒತ್ತಿ."

ಬಾತುಕೋಳಿಯ ಕತ್ತು ಹಿಚುಕಿದ ಹಾಗೆ ಸದ್ದು ಬಂತು. ಇಬ್ಬರೂ ನಕ್ಕೆವು. ನನ್ನ ನಗು ನಡುವೆ ಎಲ್ಲೋ ಅಳುವಾಯಿತು. ಅವರು ನನ್ನ ಕಡೆ ನೋಡಲಿಲ್ಲ, ಎಳೆಯುವುದನ್ನು ನಿಲ್ಲಿಸಲೂ ಇಲ್ಲ.

ಅಂದಿನಿಂದ ಭಾನುವಾರ ಭಾನುವಾರ ಅಭ್ಯಾಸ ನಡೆದಿದೆ. ಇಂದು ಕುಣಿತ ಶುರುವಾಗುವ ಮುನ್ನ ಒಂದು ಪೋಲ್ಕಾ ನಾವಿಬ್ಬರೂ ನುಡಿಸುತ್ತೇವೆ. ತಾಳ ಈಗಲೂ ತಪ್ಪುತ್ತದೆ, ನಿಮ್ಮ ಕಾಲು ನೀವೇ ಹೊಂದಿಸಿಕೊಳ್ಳಿ. ಹಾರ್ಲನ್, ಎರಡು ಕುರ್ಚಿ ಹತ್ತಿರ ಹತ್ತಿರ ಹಾಕಿಸಿ. ಇನ್ನೂ ಹತ್ತಿರ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ವರ್ನಾ, ಬನ್ನಿ. ನಮಸ್ಕಾರ.