ನೆಲದ ಗೇರು ಬೇಡ

ಹಳೆಯ ಪಿಕಪ್ಪಿನ ಸ್ಟೇರಿಂಗ್ ಪಕ್ಕದ ಮುರಿದ ಗೇರ್ ಹಿಡಿಗೂ ಅದರ ಬುಡದ ಬಳೆಯಾದ ಬುಶ್ಶಿಗೂ ಸೇರಿ ನೂರೆಂಬತ್ತು ಡಾಲರ್. ಅದನ್ನು ಕಿತ್ತು ನೆಲದಿಂದೇಳುವ ಗೇರ್ ಹಾಕಿಸಿದರೆ ತೊಂಬತ್ತು. ಅಮೆರಿಕದ ನೆಬ್ರಾಸ್ಕಾದ ಒಂದು ವಾಹನ ಬಿಡಿಭಾಗದ ಅಂಗಡಿಯಲ್ಲಿ ವೈಪರ್ ಕೊಳ್ಳಲು ನಿಂತಿದ್ದ ಡೋರೀನ್‌ಗೆ, ಸಾಲಿನಲ್ಲಿ ಮುಂದಿದ್ದ ಮುದುಕ ವರ್ಲಿನ್ ಮತ್ತು ಅವನ ಹೆಂಡತಿ ಟ್ವಿಲಾರ ವಾದ ಕಿವಿಗೆ ಬಿತ್ತು.

“ಅರ್ಧಕ್ಕರ್ಧ ಉಳಿಯುತ್ತಲ್ರೀ! ನೆಲದ್ದೇ ಹಾಕ್ಸಿ,” ಎಂದಳು ಟ್ವಿಲಾ.

“ಬೇಡ ಕಣೇ.”

“ಗೇರ್ ಸಿಕ್ಕಿಹಾಕ್ಕೊಂಡಾಗೆಲ್ಲ ನಡುರಸ್ತೇಲಿ ಬಾನೆಟ್ ಎತ್ತಿ ಗೇರಿನ ಸರಳು ಎಳೆದು ಬಿಡಿಸೋಳು ನಾನು. ನಿಮಗೇನು, ಒಳಗೆ ಕೂತು ಹಾರ್ನ್ ಹೊಡೀತೀರಿ.”

“ಹೊಸ ಬುಶ್ ಬಿದ್ರೆ ಇನ್ನು ಸಿಕ್ಕಿಹಾಕ್ಕೊಳ್ಳಲ್ಲ.”

“ಅಷ್ಟೊಂದು ಹಟ ಯಾಕ್ರೀ?”

“ನಮ್ಮದು ಬೆಂಚಿನ ಥರದ ಒಂದೇ ಸೀಟು, ನೆಲದ ಗೇರು ಅದರ ನಡುವೆ ಬಂದು ನಿಲ್ಲುತ್ತೆ. ಆಮೇಲೆ ನೀನೆಲ್ಲಿ ಕೂರ್ತೀಯ?”

“ಬಾಗಿಲ ಪಕ್ಕ. ಎಲ್ಲರ ಹೆಂಡ್ತೀರೂ ಅಲ್ಲೇ ಕೂರೋದು.”

“ಮದುವೆಗೆ ಮುಂಚಿಂದ ನನ್ನ ಭುಜಕ್ಕಂಟಿ ಕೂತೋಳು ನೀನು. ಈಗ ಆ ತುದಿಗೆ ಹೋದ್ರೆ ನಾವಿಬ್ಬರೂ ಮಾತು ಬಿಟ್ಟಿದೀವಿ ಅಂತ ಊರೆಲ್ಲ ಸುದ್ದಿಯಾಗುತ್ತೆ.”

 ಟ್ವಿಲಾ ಅಂಗಡಿಯವನ ಕಡೆ ತಿರುಗಿದಳು.

“ಏನಪ್ಪಾ ನಗ್ತಾ ನಿಂತಿದೀಯ? ಸ್ಟೇರಿಂಗ್ ಪಕ್ಕದ್ದೇ ಕಟ್ಟಿಕೊಡು.”

ಪೊಟ್ಟಣ ಹಿಡಿದು ಇಬ್ಬರೂ ಹೊರಟರು. ದುಡ್ಡು ಹೆಚ್ಚೇ ಹೋಯಿತು. ಗಂಡನ ಮಗ್ಗುಲಿನ ಜಾಗ ಟ್ವಿಲಾಗೆ ಉಳಿಯಿತು.