ಒಂದು ಗೇಣು ಹಸಿರು ವೈರು

ಡ್ಯೂಟಿ ಮುಗಿಸಿ ಬಸ್ಸು ಹತ್ತಿದ ನರ್ಸಿಗೆ ಕಣ್ಣು ಮುಚ್ಚಿದರೆ ಸಾಕಾಗಿತ್ತು. ಮುಂದಿನ ಸೀಟಿನ ವೈರಿಂಗ್ ಮೇಸ್ತ್ರಿಯೂ, ಅವನ ಹತ್ತಿರ ಹೊಸದಾಗಿ ಕೆಲಸ ಕಲಿಯುತ್ತಿದ್ದ ನಾದಿನಿಯೂ ಬಿಡಬೇಕಲ್ಲ! ನಾದಿನಿಯ ಮಡಿಲಲ್ಲಿ ವಿದ್ಯುತ್ ನಿಯಮಗಳ ಪುಸ್ತಕ ತೆರೆದೇ ಇತ್ತು.

“ಭಾವ, ಇವತ್ತು ನೀವು ವೈರಿಂಗ್ ಮಾಡಿದ ಆ ಬಚ್ಚಲಮನೆ ಸ್ವಿಚ್ ಪ್ಲೇಟ್ ಹಿಂದೆ ಹಸಿರು ವೈರು ಒಂದು ಗೇಣಷ್ಟೇ ಇತ್ತು. ಆಮೇಲೆ ಬರೀ ಗೋಡೆ.”

“ಇನ್‌ಸ್ಪೆಕ್ಟರು ಪ್ಲೇಟ್ ಬಿಚ್ತಾರೆ, ಹಸಿರು ಕಂಡ್ರೆ ಸಹಿ ಹಾಕ್ತಾರೆ.”

“ಹಾಗಾದ್ರೆ ಹಸಿರು ದಾರ ಕಟ್ಟಿದ್ರೂ ಆಗ್ತಿತ್ತು. ಈ ಹಸಿರು ಅರ್ತ್ ವೈರು ನೆಲದ ತನಕ ಹೋಗ್ಲೇಬೇಕು ಅಂತ ಇದ್ರಲ್ಲಿದೆ. ಇಲ್ದಿದ್ರೆ ಗೀಸರ್ ಕೆಟ್ಟಾಗ ಮುಟ್ಟಿದೋರ ಮೈಯಿಂದಾನೇ ಕರೆಂಟು ಹೋಗುತ್ತಂತೆ.”

“ಪುಸ್ತಕ ಪರೀಕ್ಷೆಗೆ ಓದ್ಕೋ, ನನ್ನ ತಲೆ ತಿನ್ಬೇಡ. ಇಪ್ಪತ್ತು ವರ್ಷದಿಂದ ಹೀಗೇ ಮಾಡ್ಕೊಂಡು ಬಂದಿದೀನಿ.”

ಅವಳು ಪುಸ್ತಕ ಮುಚ್ಚಿದಳು.

“ನಮ್ಮನೆ ವೈರಿಂಗೂ ನೀವೇ ಮಾಡಿದ್ದು.”

“ಈಗ ಅದ್ಯಾಕೆ?”

“ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ನನ್ನ ಮಗಳು ಅಂದಾಗ, ಚಳಿಗೆ ಹಾಗಾಗುತ್ತೆ ಅಂತ ನಕ್ಬಿಟ್ರಿ.”

ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ.

“ನಮ್ಮನೇಲಿ ಹಾಗೆ ಮಾಡಿಲ್ಲ ಅಂತ ಒಂದೇ ಒಂದು ಮಾತು ಹೇಳಿ, ಭಾವ.”

ಆ ಒಂದು ಮಾತಿಗೆ ಹಿಂದೆ ಕೂತ ನರ್ಸೂ ನಿದ್ದೆ ಬಿಟ್ಟು ಕಾದಳು. ಮೇಸ್ತ್ರಿ ಬಸ್ ಟಿಕೆಟ್ಟನ್ನು ಸಣ್ಣಗೆ ಮಡಚುತ್ತಾ ಕೂತ.

ನಾದಿನಿ ಮಗಳಿಗೆ ಫೋನ್ ಹಚ್ಚಿದಳು. “ನಾನು ಬರೋ ತನಕ ಬಚ್ಚಲಿಗೆ ಕಾಲಿಡ್ಬೇಡ.” ಆಮೇಲೆ ಭಾವನ ಚೀಲದಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು, ಬಸ್ಸು ನಿಂತದ್ದೇ ಇಳಿದುಹೋದಳು.

ಮೇಸ್ತ್ರಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

“ನಿಮ್ಮಕ್ಕಂಗೆ ಮಾತ್ರ ಹೇಳ್ಬೇಡ!”