ಕೋಸಿ ಮನೆಯ ಮೇಲ್ಮಹಡಿಯ ಹೊಗೆ ಕೊಳವೆ

ಲ್ಯುಟೊಮೆರ್ ಪೊಲೀಸ್ ಠಾಣೆಯಲ್ಲಿ ದಿನಾಂಕ 11 ಜನವರಿ 2023ರಂದು ಬೆಳಿಗ್ಗೆ 10.15ಕ್ಕೆ ಹಾಜರಾಗಿ ನೀಡಿದ ಹೇಳಿಕೆ.

ನನ್ನ ಹೆಸರು ವಿಂಕೊ ಜ್ನಿಡಾರಿಚ್, ತಂದೆ ದಿವಂಗತ ಅಲೋಯಿಸ್, ವಯಸ್ಸು 57 ವರ್ಷ, ಉದ್ಯೋಗ ಮನೆಗಳ ಹೊಗೆ ಕೊಳವೆ ಗುಡಿಸುವುದು, ವಾಸ ಸ್ಟಾರಿ ಬ್ರೆಗ್ ಗ್ರಾಮ, ಮನೆ ಸಂಖ್ಯೆ 41. ಈ ಮೂಲಕ ತಿಳಿಸುವುದೇನೆಂದರೆ, ನಾನು 31 ವರ್ಷಗಳಿಂದ ಸ್ಟಾರಿ ಬ್ರೆಗ್ ಮತ್ತು ಸುತ್ತಲಿನ ಮೂರು ಹಳ್ಳಿಗಳಲ್ಲಿ ಈ ಕೆಲಸ ಮಾಡಿಕೊಂಡಿರುತ್ತೇನೆ. ಪರವಾನಗಿ ಇರುತ್ತದೆ. ಊರಿನ ಸ್ವಯಂಸೇವಕ ಅಗ್ನಿಶಾಮಕ ತಂಡದಲ್ಲಿಯೂ ಇರುತ್ತೇನೆ.

ನನ್ನ ಮನೆಯಿಂದ 600 ಮೀಟರ್ ದೂರದ ಮನೆ ಸಂಖ್ಯೆ 17ರ ಒಡತಿ ತೆರೇಜಿಯಾ ಕೋಸಿ, 71 ವರ್ಷ, ವಿಧವೆ. ಈಕೆ ನೆಲಮಹಡಿಯಲ್ಲಿ ವಾಸವಿದ್ದಾಳೆ. ಮೇಲ್ಮಹಡಿಯಲ್ಲಿ ಸುಮಾರು ಎರಡು ವರ್ಷದಿಂದ ಬಾಡಿಗೆಗೆ ಇರುವವರು ಬೋಸ್ನಿಯಾದಿಂದ ಬಂದ ನೆರ್ಮಿನ್ ದುರಾಕೊವಿಚ್, 33 ವರ್ಷ, ಪೀಠೋಪಕರಣ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸ; ಅವನ ಹೆಂಡತಿ ಸನೇಲಾ, 29 ವರ್ಷ, ಶಾಲೆಯ ಅಡುಗೆಮನೆಯಲ್ಲಿ ಕೆಲಸ; ಮಗಳು ಲಾಮಿಯಾ, 3 ವರ್ಷ. ನೆರ್ಮಿನ್ ಜನವರಿ 9ರ ಮಧ್ಯಾಹ್ನ ಒಲೆಯ ಹೊಗೆಯಿಂದ ವಿಷವೇರಿ ಮಾರಿಬೋರಿನ ಆಸ್ಪತ್ರೆಯಲ್ಲಿದ್ದಾನೆ. ಬಾಡಿಗೆಯವರು ಮಗುವಿನ ಗಲೀಜು ಚಡ್ಡಿಗಳನ್ನು ಒಲೆಗೆ ಹಾಕಿ ಕೊಳವೆ ಕಟ್ಟಿಕೊಳ್ಳುವಂತೆ ಮಾಡಿದರು, ಡಿಸೆಂಬರ್ 19ರಂದು ಕೊಳವೆ ಗುಡಿಸಿದ್ದಕ್ಕೆ ಮೇಸ್ತ್ರಿಯ ಸಹಿ ಇದೆ ಎಂದು ತೆರೇಜಿಯಾ ದೂರು ಕೊಟ್ಟಿದ್ದಾಳೆ. ಆ ದೂರೇ ನಿಜವೆಂದಾದರೆ ಗಂಡನನ್ನು ಈ ಸ್ಥಿತಿಗೆ ತಂದ ತಪ್ಪು ಸನೇಲಾಳ ತಲೆಗೆ ಬರುತ್ತದೆ, ಮನೆಯೂ ಹೋಗುತ್ತದೆ. ಆ ಸಹಿ ನನ್ನದು. ಅದಕ್ಕಾಗಿ ನನ್ನನ್ನು ಕರೆಸಲಾಗಿದೆ.

ಒಲೆಯ ಬಗ್ಗೆ ಎರಡು ಮಾತು: ಅದು ಕೋಣೆ ಬೆಚ್ಚಗಿಡುವ ಪೆಲೆಟ್ ಒಲೆ. ಪೆಲೆಟ್ ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಬೆರಳಿನ ಗೆಣ್ಣಿನಷ್ಟು ಉದ್ದದ ತುಂಡು. ಒಲೆಯ ಮೇಲಿನ ಡಬ್ಬಕ್ಕೆ ಸುರಿದು ಸ್ವಿಚ್ ಒತ್ತಿದರೆ ತಾನೇ ಹತ್ತಿಕೊಳ್ಳುತ್ತದೆ. ಸ್ವಿಚ್ ಇದೆ ಎಂದ ಮೇಲೆ ಮಸಿಯೇ ಇಲ್ಲ ಎಂದು ಜನ ತಿಳಿದಿದ್ದಾರೆ. ಬೂದಿ ದಿನಾ ಚೆಲ್ಲಬೇಕು, ಒಲೆಯ ಹಿಂದೆ ಹೋಗುವ ಕೊಳವೆಯ ಅಡಿಮುಚ್ಚಳ ತಿರುಗಿಸಿ ತೆಗೆದು ವರ್ಷಕ್ಕೆ ಒಮ್ಮೆಯಾದರೂ ಉದ್ದ ಬ್ರಷ್ ಹಾಕಿ ಎಳೆಯಬೇಕು. ಹೇಳಿದರೆ ತಲೆಯಾಡಿಸುತ್ತಾರೆ, ಮಾಡುವುದಿಲ್ಲ. ಕಾರನ್ನು ಮಾತ್ರ ಶನಿವಾರ ಶನಿವಾರ ತೊಳೆಯುತ್ತಾರೆ. ಅಭಿಪ್ರಾಯ ಬೇಡ, ನಡೆದದ್ದು ಹೇಳಿ ಎಂದು ಅಧಿಕಾರಿ ಸೂಚಿಸಿದರು.

ದಿನಾಂಕ 19 ಡಿಸೆಂಬರ್ 2022, ಸೋಮವಾರ. ಆ ತಿಂಗಳು ನಾವು ಹೊಸ ವರ್ಷದ ಕ್ಯಾಲೆಂಡರ್ ಹಿಡಿದು ಮನೆಮನೆಗೆ ಹೋಗುವುದು ವಾಡಿಕೆ. ಕೊಳವೆ ಗುಡಿಸುವವನನ್ನು ಕಂಡರೆ ಅದೃಷ್ಟ ಎಂದು ಜನ ತಮ್ಮ ಅಂಗಿಯ ಗುಂಡಿ ಹಿಡಿದುಕೊಳ್ಳುತ್ತಾರೆ, ಕೈ ಕುಲುಕುತ್ತಾರೆ. ಬೆಳಿಗ್ಗೆ 10.20ಕ್ಕೆ ನಾನು ಕೋಸಿ ಮನೆಗೆ ಹೋದೆ. ತೆರೇಜಿಯಾ ಬಾಗಿಲಲ್ಲೇ ಗುಂಡಿ ಹಿಡಿದು ನಿಂತಳು. ಹಬ್ಬಕ್ಕೆ ಮನೆ ತೊಳೆದಾಗಿದೆ, ಬ್ರಷ್ಷಿನ ಚೀಲ ಹೊರಗೇ ಇರಲಿ ಎಂದಳು. ಬಿಳಿ ಬಟ್ಟೆ ಹಾಸಿದ ಮೇಜಿಗೆ ಕೂರಿಸಿ, ಅಕ್ರೋಟು ತುಂಬಿದ ಸುರುಳಿ ರೊಟ್ಟಿ ಎರಡು ಹೋಳು, ಬಿಳಿ ವೈನು ಮೂರು ಲೋಟ ಕೊಟ್ಟಳು. ನಾನು ತಿಂದೆ, ಕುಡಿದೆ.

10.50ಕ್ಕೆ ಸನೇಲಾ ಕೆಲಸಕ್ಕೆ ಹೊರಟವಳು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. "ಮೇಸ್ತ್ರಿ, ಒಲೆ ಹಚ್ಚಿದ್ರೆ ಬೆಕ್ಕಿನ ಉಚ್ಚೆ ವಾಸನೆ ಬರುತ್ತೆ. ಈ ವಾರ ಮೂರು ಸಲ ಕೆಂಪು ದೀಪ ಬಂದು ಆರಿಹೋಯ್ತು. ಒಂದ್ಸಲ ಬಿಚ್ಚಿ ನೋಡ್ತೀರಾ?" ಎಂದು ಕೇಳಿದಳು. ನನ್ನ ಬದಲು ತೆರೇಜಿಯಾ ಉತ್ತರ ಕೊಟ್ಟಳು. "ಅದು ಒಲೆ ವಾಸನೆ ಅಲ್ಲ ಕಣಮ್ಮ, ನೀವು ಬೇಯಿಸ್ತೀರಲ್ಲ, ಅದರದು. ಕೆಂಪು ದೀಪ ಬಂದ್ರೆ ಸ್ವಿಚ್ ಒತ್ತು, ಮತ್ತೆ ಹತ್ತುತ್ತೆ." ಸನೇಲಾಳ ಮುಖ ಕೆಂಪಾಯಿತು. ಅವಳು ಮೇಲಿನ ಮನೆಯ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, ಗಂಡ ಪಾಳಿ ಮುಗಿಸಿ ಮಲಗಿದ್ದಾನೆ, ಪರವಾಗಿಲ್ಲ, ಸದ್ದಾದರೂ ಅವನು ಏಳುವುದಿಲ್ಲ ಎಂದು ಹೇಳಿ 10.55ರ ಬಸ್ಸಿಗೆ ಹೋದಳು. ನೋಡುತ್ತೇನೆ, ನೀವು ಹೋಗಿ ಬನ್ನಿ ಎಂದು ನಾನು ಹೇಳಿದೆ. 11.20ಕ್ಕೆ, ಕೊಳವೆ ಗುಡಿಸಿದೆ ಎಂಬ ಶುಚಿ ಪತ್ರಕ್ಕೆ ಸಹಿ ಹಾಕಿ ಅಲ್ಲಿಂದ ಹೊರಟೆ.

ಮೇಲಿನ ಮನೆಯಲ್ಲಿ ಎಷ್ಟು ಹೊತ್ತು ಇದ್ದಿರಿ ಎಂದು ಅಧಿಕಾರಿ ಇಲ್ಲಿ ಕೇಳಿದರು. ಮಿಕ್ಕದ್ದನ್ನು ಮೊದಲು ಬರೆದುಕೊಳ್ಳಿ, ಅದಕ್ಕೆ ಆಮೇಲೆ ಬರುತ್ತೇನೆ ಎಂದು ಹೇಳಿದೆ.

ದಿನಾಂಕ 9 ಜನವರಿ, ಸೋಮವಾರ, ಮಧ್ಯಾಹ್ನ 2.31ಕ್ಕೆ ಅಗ್ನಿಶಾಮಕ ಸೈರನ್ ಕೂಗಿತು. 2.38ಕ್ಕೆ ನಾವು ಐದು ಜನ ಕೋಸಿ ಮನೆ ತಲುಪಿದೆವು. ಸನೇಲಾ ಕೆಮ್ಮುತ್ತಿದ್ದ ಮಗಳನ್ನು ಕರೆದುಕೊಂಡು 11.40ಕ್ಕೆ ವೈದ್ಯರ ಬಳಿ ಹೋಗಿ 2.20ಕ್ಕೆ ಮರಳಿದ್ದಳು. ಗಂಡ ಎಚ್ಚರಗೊಳ್ಳಲಿಲ್ಲ ಎಂದು ಕಿಟಕಿಗಳನ್ನೆಲ್ಲ ತೆರೆದು ಫೋನ್ ಮಾಡಿದ್ದಳು. ಮುಖವಾಡ ಹಾಕಿಕೊಂಡು ನಾನು ಮತ್ತು ಇನ್ನೊಬ್ಬ ಮೇಲೆ ಹೋದೆವು. ಮೆಟ್ಟಿಲು 14. ಹಾಸಿಗೆಗೂ ಒಲೆಗೂ ಒಂದೂವರೆ ಮೀಟರ್ ಅಂತರ. ನೆರ್ಮಿನ್ ಗೋಡೆಯ ಕಡೆ ತಿರುಗಿ ಮಲಗಿದ್ದ, ತುಟಿ ಚೆರ್ರಿ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಾಲಿನ ಕಡೆ ನಾನು ಹಿಡಿದೆ. ಎಡಗಾಲಿನ ಕಾಲುಚೀಲ ತೂತಾಗಿ ಹೆಬ್ಬೆರಳು ಹೊರಗಿತ್ತು, ಬೆರಳು ತಣ್ಣಗಿತ್ತು. ಅಂಗಳದಲ್ಲಿ ಆಮ್ಲಜನಕ ಕೊಟ್ಟೆವು. 2.52ಕ್ಕೆ ಆಂಬುಲೆನ್ಸ್ ಬಂತು.

ಆಗ ತೆರೇಜಿಯಾ ಹೊರಗೆ ಬಂದಳು. ಮನುಷ್ಯ ಬದುಕಿದ್ದಾನೆಯೇ ಎಂದು ಕೇಳಲಿಲ್ಲ. ಬೂಟು ಒರೆಸಿಕೊಂಡು ಹತ್ತಿದಿರಾ, ಮೆಟ್ಟಿಲಿಗೆ ಹೊಸ ಜಮಖಾನೆ ಹಾಕಿಸಿದ್ದೇನೆ ಎಂದು ಕೇಳಿದಳು. ಇದನ್ನು ನನ್ನ ಜೊತೆಗಿದ್ದ ನಾಲ್ವರೂ ಕೇಳಿಸಿಕೊಂಡಿದ್ದಾರೆ.

ದಿನಾಂಕ 10 ಜನವರಿ, ಬೆಳಿಗ್ಗೆ 11.30ಕ್ಕೆ, ಅಧಿಕಾರಿಯ ಎದುರಿನಲ್ಲಿ ನಾನು ಆ ಒಲೆಯ ಕೊಳವೆಯನ್ನು ಬಿಚ್ಚಿದೆ. ಕೊಳವೆಯ ಅಗಲ 8 ಸೆಂಟಿಮೀಟರ್. ಒಳಗೆ ಹೊಗೆ ಹೋಗಲು ಉಳಿದಿದ್ದ ದಾರಿ ಒಂದು ಪೆನ್ಸಿಲ್ ತೂರುವಷ್ಟು. ಅಡಿಮುಚ್ಚಳ ತೆಗೆದ ಕೂಡಲೇ ಹಳಸಿದ ಗಂಜಿಯಂಥ ಹಳದಿ ಕೆಸರು ನನ್ನ ಮೊಣಕೈವರೆಗೆ ಇಳಿಯಿತು. ವಾಸನೆಗೆ ಕಣ್ಣು ಉರಿಯಿತು. ಅಧಿಕಾರಿ ಕಿಟಕಿಗೆ ಹೋದರು. 31 ವರ್ಷದಲ್ಲಿ ಕೊಳವೆಯಿಂದ ಸತ್ತ ಪಾರಿವಾಳ ತೆಗೆದಿದ್ದೇನೆ, ಕಣಜದ ಗೂಡು ತೆಗೆದಿದ್ದೇನೆ, ಇಂಥದ್ದು ತೆಗೆದದ್ದು ಇದೇ ಮೊದಲು. ಒಟ್ಟು ತೂಕ 1 ಕಿಲೋ 900 ಗ್ರಾಂ. ಅದರಲ್ಲಿ ಬೂದಿ, ಉರಿಯದೆ ಉಳಿದ ಹೊಟ್ಟು ಮತ್ತು ಬೆಕ್ಕಿನ ಕೂದಲು ಇತ್ತು. ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಒಂದು ಚೂರೂ ಇರಲಿಲ್ಲ. ಒಲೆಯ ಹಿಂದಿನ ಜೋಡಣೆ 4 ಸೆಂಟಿಮೀಟರ್ ಉದ್ದಕ್ಕೆ ತುಕ್ಕು ತಿಂದು ತೂತಾಗಿತ್ತು. ಮುಂದೆ ದಾರಿಯಿಲ್ಲದ ಹೊಗೆ ಅಲ್ಲಿಂದ ಕೋಣೆಗೆ ಬಂದಿದೆ.

ಮಸಿ ಪದರ ಪದರವಾಗಿ ಕೂರುತ್ತದೆ. ಒಂದು ಚಳಿಗಾಲಕ್ಕೆ ಒಂದು ಪದರ, ಬೇಸಿಗೆಯಲ್ಲಿ ಅದು ಒಣಗಿ ಗಟ್ಟಿಯಾಗುತ್ತದೆ. ಈ ಕೊಳವೆಯ ಒಳಗೋಡೆಗೆ ಅಂಟಿದ್ದ ಮಸಿಯಲ್ಲಿ ಮೂರು ಪದರ ಇತ್ತು. ಬಾಡಿಗೆಯವರು ಇಲ್ಲಿ ಕಂಡದ್ದು ಎರಡೇ ಚಳಿಗಾಲ. ಅಡಿಯ ಪದರ ಅವರು ಈ ಮನೆ ನೋಡುವ ಮೊದಲಿನದು.

12.05ಕ್ಕೆ ನೆಲಮಾಳಿಗೆಗೆ ಹೋದೆವು. ಬಾಡಿಗೆಯಲ್ಲಿ ಒಲೆಯ ಉರುವಲೂ ಸೇರಿರುವುದರಿಂದ ಮೇಲಿನವರಿಗೆ ಪೆಲೆಟ್ ಕೊಡುವವಳು ತೆರೇಜಿಯಾಳೇ. ಅಲ್ಲಿ ಮೂರು ಬೆಕ್ಕು, ಮೂರು ಅಗಲವಾದ ತಟ್ಟೆ ಇದ್ದವು. ತಟ್ಟೆಗಳ ತುಂಬ ಅದೇ ಪೆಲೆಟ್ ಹಾಕಿತ್ತು, ಬೆಕ್ಕುಗಳು ಅದರಲ್ಲಿ ಹೊಲಸು ಮಾಡಿದ್ದವು. ಪಕ್ಕದಲ್ಲಿ ಒಂದು ಜರಡಿ, ಬಾಯಿ ತೆರೆದ ಒಂದು ಚೀಲ. ಒದ್ದೆಯಾದ ಪೆಲೆಟ್ ಪುಡಿಯಾಗಿ ಜರಡಿಯಿಂದ ಕೆಳಗೆ ಬೀಳುತ್ತದೆ, ಪುಡಿಯಾಗದೆ ಉಳಿದದ್ದು ಮೇಲಿನವರ ಚೀಲಕ್ಕೆ ಹೋಗುತ್ತದೆ. ಅವಳ ಸ್ವಂತ ಒಲೆಯ ಚೀಲ ಬೇರೆ ಮೂಲೆಯಲ್ಲಿತ್ತು. ಅದು ಹೊಸದು, ಅಂಗಡಿಯ ಹೊಲಿಗೆಯೂ ಬಿಚ್ಚಿರಲಿಲ್ಲ.

ಇದೇನೆಂದು ಅಧಿಕಾರಿ ಕೇಳಿದಾಗ ಅವಳು, "ನೆಟ್ಟಗಿರೋದನ್ನ ಬಿಸಾಡೋಕೆ ನನಗೇನು ಹುಚ್ಚಾ? ಬೆಂಕಿಗೆ ತಾನೇ ಹಾಕೋದು, ಬಾಯಿಗಲ್ವಲ್ಲ" ಎಂದಳು. ಈ ಜರಡಿ ಹಿಟ್ಟಿನದೇ ಎಂದು ನಾನು ಕೇಳಿದೆ. ಹಿಟ್ಟಿನ ಜರಡಿ ಬೇರೆ ಇದೆ, ನಾನೇನು ಹಂದಿಯೇ ಎಂದು ಅವಳು ರೇಗಿದಳು. ಬೇರೆ ಜರಡಿಯನ್ನು ತೋರಿಸಲಿಲ್ಲ. ಡಿಸೆಂಬರಿನಲ್ಲಿ ತಿಂದ ಎರಡು ಹೋಳು ನೆನಪಾಗಿ ನಾನು ಹೊರಗೆ ಬಂದು ಬೇಲಿಯ ಬಳಿ ವಾಂತಿ ಮಾಡಿದೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ಈ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೆಕ್ಕಿನ ಹೇಲು ಜರಡಿ ಹಿಡಿದು ಬಾಡಿಗೆಯವರ ಒಲೆಗೆ ಕೊಟ್ಟು, ನಾತ ನಿಮ್ಮ ಅಡುಗೆಯದು ಎನ್ನುವವಳನ್ನು ನೋಡಿರಲಿಲ್ಲ. ಇದೂ ಅಭಿಪ್ರಾಯ ಎಂದು ಅಧಿಕಾರಿ ಹೇಳಿದರು. ಬರೆದುಕೊಳ್ಳಿ ಎಂದು ಕೇಳಿಕೊಂಡೆ.

12.50ಕ್ಕೆ ಗೇಟಿನ ಬಳಿ ಸನೇಲಾ ಸಿಕ್ಕಳು. ಗಂಡನಿಗೆ ಬಟ್ಟೆ ಒಯ್ಯಲು ಮಾರಿಬೋರಿನಿಂದ ಬಂದಿದ್ದಳು. ಅವನು ಕಣ್ಣು ಬಿಟ್ಟಿದ್ದಾನೆ, ಆದರೆ ಮಗಳ ಹೆಸರು ಕೇಳಿದರೆ ಹೇಳುತ್ತಿಲ್ಲ ಎಂದಳು. ಶುಚಿ ಪತ್ರದಲ್ಲಿನ ನನ್ನ ಸಹಿಯನ್ನು ತೆರೇಜಿಯಾ ಅವಳಿಗೆ ತೋರಿಸಿದ್ದಳು. ಅವಳು ನನ್ನೆದುರು ಎರಡು ಕೈಯನ್ನೂ ಎದೆಗೆ ಇಟ್ಟುಕೊಂಡು ಹೇಳಿದ್ದನ್ನು ಇದ್ದಂತೆಯೇ ಹೇಳುತ್ತೇನೆ.

"ಕ್ಷಮಿಸಿ ಮೇಸ್ತ್ರಿ. ನೀವು ಗುಡಿಸಿ ಕೊಟ್ಟಿದ್ರಿ, ನಾವೇ ಹಾಳು ಮಾಡ್ಬಿಟ್ವಿ. ಆಮೇಲೂ ವಾಸನೆ ಬರ್ತಾನೇ ಇತ್ತು. ಆದ್ರೆ ನೀವೇ ನೋಡಿ ಸಹಿ ಹಾಕಿದೀರಲ್ಲ, ನಮ್ಮ ಮೂಗೇ ಸರಿಯಿಲ್ಲ ಅಂದ್ಕೊಂಡ್ವಿ. ಅವತ್ತು ವಾಪಸ್ ಬಂದಾಗ ಮಗುಗೆ ಚಳಿ ಆಗ್ಬಾರ್ದು ಅಂತ ಒಲೆ ಜಾಸ್ತಿ ಮಾಡಿ ಹೋದೋಳು ನಾನೇ."

ಇಂಥದ್ದೆಲ್ಲ ಆಗುತ್ತದೆ ತಾಯಿ ಎಂದು ನಾನು ಹೇಳಿದೆ. ಅಷ್ಟೇ ಹೇಳಿದೆ. ನನ್ನ ತೋಳಿನಲ್ಲಿ ಆ ಕೊಳವೆಯ ಕೆಸರು ಇನ್ನೂ ಒಣಗಿರಲಿಲ್ಲ.

ದಿನಾಂಕ 11 ಜನವರಿ, ಅಂದರೆ ಇಂದು ಬೆಳಿಗ್ಗೆ 7.30ಕ್ಕೆ, ತೆರೇಜಿಯಾ ನನ್ನ ಮನೆಗೆ ಬಂದಳು. ಅರ್ಧ ಅಕ್ರೋಟು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅವಳು ದೂರು ಕೊಟ್ಟಾಗಿದೆ, ನಾನು ಸಹಿ ಹಾಕಿಯಾಗಿದೆ, ಇಬ್ಬರೂ ಅದಕ್ಕೇ ನಿಂತರೆ ಇಬ್ಬರಿಗೂ ಕ್ಷೇಮ, ಮೇಲಿನವರು ಇವತ್ತು ಇದ್ದು ನಾಳೆ ಹೋಗುವವರು ಎಂದು ಹೇಳಿದಳು. ಮತ್ತೆ, "ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ ವಿಂಕೊ" ಎಂದಳು. "ಜಂತೆ ಎಣಿಸೋದೇ ನನ್ನ ಕಸುಬು ತೆರೇಜಿಯಮ್ಮ. ಉಂಡು ಎದ್ದುಬಂದೆ, ಎಣಿಸಲಿಲ್ಲ" ಎಂದು ನಾನು ಹೇಳಿದೆ. ರೊಟ್ಟಿಯನ್ನು ಬಟ್ಟೆಸಮೇತ ಕಸದ ಡಬ್ಬಕ್ಕೆ ಹಾಕಿದೆ. ಅವಳು ಬಟ್ಟೆಯನ್ನು ಹೊರಗೆ ತೆಗೆದುಕೊಂಡು ಹೋದಳು.

ಅಧಿಕಾರಿ ಮೊದಲು ಕೇಳಿದ್ದಕ್ಕೆ ಈಗ ಉತ್ತರ. ಡಿಸೆಂಬರ್ 19ರಂದು ನಾನು ಮೇಲಿನ ಮನೆಯಲ್ಲಿ ಒಂದು ನಿಮಿಷವೂ ಇರಲಿಲ್ಲ. ಮೇಲೆ ಹೋಗಲಿಲ್ಲ. ಮಲಗಿದವನನ್ನು ಯಾಕೆ ಎಬ್ಬಿಸುತ್ತೀಯ, ಇನ್ನೊಂದು ಲೋಟ ತಗೋ ಎಂದು ತೆರೇಜಿಯಾ ಹೇಳಿದ್ದು ನಿಜ, ಆದರೆ ಅವಳು ನನ್ನ ಕಾಲು ಹಿಡಿದು ಕಟ್ಟಿಹಾಕಿರಲಿಲ್ಲ. ಸನೇಲಾ ಕೊಟ್ಟ ಬೀಗದ ಕೈ ಆ ಮೇಜಿನ ಮೇಲೆ ರೊಟ್ಟಿಯ ತಟ್ಟೆಯ ಪಕ್ಕದಲ್ಲಿತ್ತು, ಹೊರಡುವಾಗ ಅಲ್ಲೇ ಬಿಟ್ಟು ಬಂದೆ. ಅಡುಗೆಯ ವಾಸನೆ ಎಂದು ತೆರೇಜಿಯಾ ಆಡಿಕೊಂಡಾಗ ನಾನೂ ನಕ್ಕಿದ್ದೆ. 2020 ಮತ್ತು 2021ರ ಡಿಸೆಂಬರಿನಲ್ಲಿಯೂ ಹೀಗೆಯೇ ಕೆಳಗೆ ಕುಳಿತು ಸಹಿ ಹಾಕಿ ಬಂದಿದ್ದೇನೆ. ಆ ಮೂರು ಪದರದಲ್ಲಿ ಒಂದೊಂದಕ್ಕೂ ನನ್ನ ಸಹಿ ಇದೆ. ಮೂರು ವರ್ಷದಲ್ಲಿ ಆ 14 ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದ್ದು ನೆರ್ಮಿನ್‌ನನ್ನು ಹೊತ್ತು ಇಳಿಸಲು. ಅವಳ ಜರಡಿ ನೋಡಿ ವಾಂತಿ ಮಾಡಿದ ನಾನು ನನ್ನ ಬಗ್ಗೆ ಏನು ಮಾಡಬೇಕೋ ತಿಳಿಯದು.

ಕಳೆದ ಡಿಸೆಂಬರಿನಲ್ಲಿ ಇನ್ನೂ 23 ಮನೆಗಳಲ್ಲಿ ಕೈ ಕುಲುಕಿ, ಕ್ಯಾಲೆಂಡರ್ ಕೊಟ್ಟು, ಬ್ರಷ್ ಹೊರಗೇ ಇಟ್ಟು ಸಹಿ ಹಾಕಿದ್ದೇನೆ. ಮನೆ ಸಂಖ್ಯೆಗಳ ಪಟ್ಟಿ ಕೊಟ್ಟಿದ್ದೇನೆ. ಈ ಹೇಳಿಕೆ ಬೆರಳಚ್ಚಾಗುವವರೆಗೆ ಕಾಯದೆ, ಎಲ್ಲರೂ ಒಲೆ ಆರಿಸಬೇಕೆಂದು ಈಗಲೇ ಫೋನ್ ಮಾಡಿಸಬೇಕೆಂದು ಕೋರುತ್ತೇನೆ. ಪರವಾನಗಿ ಪತ್ರವನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟಿದ್ದೇನೆ.

ಇನ್ನೊಂದು ಕೋರಿಕೆ ಇದೆ. ಈ ಹೇಳಿಕೆಯನ್ನು ವಕೀಲರಿಗೂ ತೆರೇಜಿಯಾಳಿಗೂ ತೋರಿಸುವ ಮೊದಲು ಆಸ್ಪತ್ರೆಯಲ್ಲಿರುವ ಸನೇಲಾಳಿಗೆ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು. ಅವಳ ಮೂಗು ಸರಿಯಾಗಿತ್ತು ಎಂದು ಅವಳಿಗೆ ತಿಳಿಸಬೇಕು. ನಾನೇ ಹೋಗಿ ಹೇಳಬೇಕಾಗಿತ್ತು. ನಿನ್ನೆ ಗೇಟಿನ ಬಳಿ ಬಾಯಿ ಬರಲಿಲ್ಲ, ಇಂದೂ ಬರುತ್ತದೆ ಎಂಬ ಧೈರ್ಯವಿಲ್ಲ.

ಹೇಳಿಕೆಯನ್ನು ನನಗೆ ಓದಿ ಹೇಳಲಾಯಿತು. ಇದರಲ್ಲಿ ಇರುವುದು ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು ಮತ್ತು ಮಾಡದೆ ಮಾಡಿದೆನೆಂದು ಬರೆದುಕೊಟ್ಟದ್ದು. ಯಾರ ಒತ್ತಾಯವೂ ಇಲ್ಲದೆ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಲ್ಯುಟೊಮೆರ್
ದಿನಾಂಕ: 11 ಜನವರಿ 2023, ಮಧ್ಯಾಹ್ನ 12.40

(ಸಹಿ)
ವಿಂಕೊ ಜ್ನಿಡಾರಿಚ್